ಕ್ಯೂ ತೋಟದ ಗಾಜಿನ ಮನೆಗಳು: ಚಳಿಗಾಲದಲ್ಲಿ ಟಿಕೆಟ್ ಕೊಳ್ಳಬೇಕೆ?

ಡಿಸೆಂಬರ್ ಮೂರನೇ ವಾರದ ಲಂಡನ್ನಿನಲ್ಲಿ ಸೂರ್ಯ ಹುಟ್ಟುವುದು 8 ಗಂಟೆಗೆ, ಮುಳುಗುವುದು 4ಕ್ಕೆ ಮುಂಚೆ. ನಡುವಿನ ಹೊತ್ತಿನಲ್ಲಿ ಬಿಸಿಲು ಕಂಡರೆ ಅದೃಷ್ಟ. ಓದಲು, ಕೆಲಸಕ್ಕೆ, ಇಲ್ಲವೇ ಮಗಳ ಬಾಣಂತನಕ್ಕೆ ಊರಿನಿಂದ ಬಂದವರು ಮೊದಲೆರಡು ವಾರ ಬಿಗ್ ಬೆನ್, ಟವರ್ ಬ್ರಿಜ್ ಎಂದು ಸುತ್ತುತ್ತಾರೆ. ಮೂರನೇ ವಾರ ಹೀಟರ್ ಪಕ್ಕ ಕೂತು ಊರಿಗೆ ವಿಡಿಯೊ ಕಾಲ್ ಶುರು. ಆ ಮೂರನೇ ವಾರಕ್ಕೆ ಹೇಳಿ ಮಾಡಿಸಿದ ಜಾಗ ನಗರದ ನೈರುತ್ಯ ಮೂಲೆಯ ಕ್ಯೂ ಸಸ್ಯೋದ್ಯಾನ. 1759ರಲ್ಲಿ ಶುರುವಾದ, 2003ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತೋಟ ಇದು. ಸುಮಾರು 130 ಹೆಕ್ಟೇರ್ ವಿಸ್ತಾರವಿದೆ, ಆದರೆ ಚಳಿಗಾಲದಲ್ಲಿ ಅದರ ಬಹುಪಾಲು ಬೋಳು ಮರ, ಒದ್ದೆ ಹುಲ್ಲು. ಹಾಗಾಗಿ ಇಲ್ಲಿ ತೂಗಿ ನೋಡುತ್ತಿರುವುದು ಇಡೀ ತೋಟವನ್ನಲ್ಲ. ನವೆಂಬರಿನಿಂದ ಫೆಬ್ರವರಿವರೆಗೆ ಅಲ್ಲಿನ ಗಾಜಿನ ಮನೆಗಳು ಕೊಟ್ಟ ದುಡ್ಡಿಗೆ ತಕ್ಕುದೇ ಎಂಬುದಷ್ಟೇ ಪ್ರಶ್ನೆ.

ತಕ್ಕುದು. ತಾಳೆ, ತೆಂಗಿನ ಜಾತಿಯ ಮರಗಳ ಗಾಜಿನ ಮನೆಯಾದ ಪಾಮ್ ಹೌಸ್ ಒಂದರಲ್ಲೇ ಟಿಕೆಟ್ಟಿನ ದುಡ್ಡು ವಸೂಲಾಗುತ್ತದೆ. ಆದರೆ ಬಹಳ ಜನ ತಪ್ಪು ಹೊತ್ತಿನಲ್ಲಿ, ತಪ್ಪು ಬಟ್ಟೆಯಲ್ಲಿ, ತಪ್ಪು ಕ್ರಮದಲ್ಲಿ ನೋಡಿ, ಅರ್ಧ ಗಂಟೆಯಲ್ಲಿ ಬೆವರಿ, ಹೊರಬಂದು ನಡುಗುತ್ತಾ ಹೋಗುತ್ತಾರೆ.

ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆಯಿರಿ. ಗೇಟಿನಲ್ಲಿ ಕೊಂಡರೆ ಹೆಚ್ಚು ತೆರಬೇಕು. ಚಳಿಗಾಲದ ದರ ಬೇಸಿಗೆಯದಕ್ಕಿಂತ ಸಾಕಷ್ಟು ಕಡಿಮೆ. 16ರಿಂದ 29 ವರ್ಷದವರಿಗೂ ವಿದ್ಯಾರ್ಥಿಗಳಿಗೂ ಬೇರೆ ರಿಯಾಯಿತಿ ಇದೆ, ವಯಸ್ಸು ತೋರಿಸುವ ಗುರುತು ಚೀಟಿ ಜೇಬಿನಲ್ಲಿರಲಿ. ಡಿಸೆಂಬರ್ 24 ಮತ್ತು 25ರಂದು ತೋಟ ಮುಚ್ಚಿರುತ್ತದೆ. ಎಡವುವ ಜಾಗ ಇನ್ನೊಂದಿದೆ: ನವೆಂಬರ್ ಮಧ್ಯದಿಂದ ಜನವರಿ ಮೊದಲ ವಾರದವರೆಗೆ ಸಂಜೆ 'ಕ್ರಿಸ್‌ಮಸ್ ಅಟ್ ಕ್ಯೂ' ಎಂಬ ದೀಪಾಲಂಕಾರ ನಡೆಯುತ್ತದೆ. ಅದಕ್ಕೆ ಟಿಕೆಟ್ ಬೇರೆ, ಹಗಲಿನ ಟಿಕೆಟ್ ಅಲ್ಲಿ ನಡೆಯುವುದಿಲ್ಲ. ಮುಖ್ಯವಾಗಿ, ಅದು ಇರುವ ದಿನಗಳಲ್ಲಿ ಹಗಲಿನವರನ್ನು ಮಧ್ಯಾಹ್ನ 3ಕ್ಕೇ ಹೊರಗೆ ಕಳಿಸುತ್ತಾರೆ, ಗಾಜಿನ ಮನೆಗಳ ಬಾಗಿಲು ಅದಕ್ಕೂ ಮೊದಲೇ ಬೀಳುತ್ತದೆ. ಊಟ ಮುಗಿಸಿಕೊಂಡು 1 ಗಂಟೆಗೆ ಹೊರಟರೆ ಸಿಗುವುದು ಒಂದೇ ಒಂದು ಮನೆ. ಬೆಳಗ್ಗೆ 10ಕ್ಕೆ ಗೇಟು ತೆಗೆಯುವಾಗಲೇ ಇರಿ.

ಹೋಗುವುದು ಸುಲಭ. ಡಿಸ್ಟ್ರಿಕ್ಟ್ ಲೈನಿನ, ಅಂದರೆ ನಕ್ಷೆಯಲ್ಲಿನ ಹಸಿರು ಗೆರೆಯ, ರಿಚ್‌ಮಂಡ್ ಕಡೆಯ ರೈಲು ಹತ್ತಿ ಕ್ಯೂ ಗಾರ್ಡನ್ಸ್ ನಿಲ್ದಾಣದಲ್ಲಿ ಇಳಿಯಿರಿ. ಈಲಿಂಗ್ ಬ್ರಾಡ್‌ವೇ ಅಥವಾ ವಿಂಬಲ್ಡನ್ ಎಂದು ಬರೆದ ರೈಲೂ ಅದೇ ಪ್ಲಾಟ್‌ಫಾರ್ಮಿಗೆ ಬರುತ್ತದೆ. ಬಣ್ಣ ನೋಡಿ ಹತ್ತಬೇಡಿ, ಬೋರ್ಡು ಓದಿ ಹತ್ತಿ. ಓವರ್‌ಗ್ರೌಂಡಿನ ಮಿಲ್ಡ್‌ಮೇ ಲೈನೂ ಇಲ್ಲಿ ನಿಲ್ಲುತ್ತದೆ. ಬ್ಯಾಂಕ್ ಕಾರ್ಡನ್ನೇ ಗೇಟಿಗೆ ಮುಟ್ಟಿಸಿದರೆ ಸಾಕು, ಆದರೆ ತಲೆಗೊಂದು ಕಾರ್ಡ್ ಬೇಕು. ನಿಲ್ದಾಣದಿಂದ ವಿಕ್ಟೋರಿಯಾ ಗೇಟಿಗೆ ಐದಾರು ನಿಮಿಷದ ನಡಿಗೆ.

ಗೇಟು ದಾಟಿದರೆ ಪಾಮ್ ಹೌಸ್ ಕಣ್ಣೆದುರಿಗೇ. ಕೊಳದ ಆಚೆ, ಮಗುಚಿ ಹಾಕಿದ ಹಡಗಿನಂತೆ ಕಾಣುತ್ತದೆ. ಚಳಿಗೆ ಕೈ ಮರಗಟ್ಟಿದವರು ನೇರ ಅಲ್ಲಿಗೇ ಓಡುತ್ತಾರೆ. ಓಡಬೇಡಿ. ಬಿಸಿಯಿಂದ ಚಳಿಗೆ ಬರುವುದಕ್ಕಿಂತ ಚಳಿಯಿಂದ ಬಿಸಿಗೆ ಹೋಗುವುದು ಮೈಗೆ ಹಿತ. ಎಡಕ್ಕೆ ತಿರುಗಿ, ಹತ್ತು ನಿಮಿಷ ನಡೆದು, ಮೊದಲು ಟೆಂಪರೇಟ್ ಹೌಸ್ ಮತ್ತು ಅದರ ಹತ್ತಿರದ ಮೇರಿಯಾನ್ ನಾರ್ತ್ ಗ್ಯಾಲರಿ ಮುಗಿಸಿ. ಆಮೇಲೆ ಪಾಮ್ ಹೌಸ್. ಕೊನೆಗೆ ಉತ್ತರದ ಪ್ರಿನ್ಸೆಸ್ ಆಫ್ ವೇಲ್ಸ್ ಕನ್ಸರ್ವೇಟರಿ. ಈ ಕ್ರಮದಲ್ಲಿ ಒಟ್ಟು ನಾಲ್ಕು ಗಂಟೆ ಬೇಕು.

ಟೆಂಪರೇಟ್ ಹೌಸ್ ನೋಡಲು ಭವ್ಯ. ವಿಕ್ಟೋರಿಯಾ ಕಾಲದಿಂದ ಉಳಿದುಬಂದಿರುವ ಗಾಜಿನ ಮನೆಗಳಲ್ಲಿ ಇದೇ ಅತಿ ದೊಡ್ಡದು. ಐದು ವರ್ಷ ಮುಚ್ಚಿ, ದುರಸ್ತಿ ಮಾಡಿ, 2018ರಲ್ಲಿ ಮತ್ತೆ ತೆರೆದರು. ಸುಮಾರು 1,500 ಜಾತಿಯ 10,000 ಗಿಡಗಳಿವೆ. ಆದರೆ ಊರಿನ ಬೆಚ್ಚಗೆ ಹುಡುಕಿಕೊಂಡು ಬಂದವರಿಗೆ ಇಲ್ಲಿ ನಿರಾಸೆ ಖಂಡಿತ. ಹೆಸರೇ ಹೇಳುವಂತೆ ಇದು ಸಮಶೀತೋಷ್ಣದ ಮನೆ, ಗಿಡಕ್ಕೆ ಹಿಮ ತಗುಲದಷ್ಟು ಮಾತ್ರ ಕಾಯಿಸುತ್ತಾರೆ. ಜಾಕೆಟ್ ತೆಗೆಯುವ ಅಗತ್ಯವೇ ಬೀಳುವುದಿಲ್ಲ. ನೋಡಲೇಬೇಕಾದದ್ದು ಒಂದಿದೆ: ಎನ್ಸೆಫಲಾರ್ಟಸ್ ವುಡೀ ಎಂಬ ಸೈಕಾಡ್, ಅಂದರೆ ತಾಳೆಯಂತೆ ಕಾಣುವ, ಹೂ ಬಿಡದ ಗಿಡ. 1895ರಲ್ಲಿ ದಕ್ಷಿಣ ಆಫ್ರಿಕಾದ ಒಂದು ಕಾಡಿನಲ್ಲಿ ಈ ಜಾತಿಯ ಒಂದೇ ಒಂದು ಗಂಡು ಗಿಡ ಸಿಕ್ಕಿತು. ಹೆಣ್ಣು ಇಂದಿಗೂ ಸಿಕ್ಕಿಲ್ಲ. ಜಗತ್ತಿನಲ್ಲಿರುವ ಎಲ್ಲ ಗಿಡಗಳೂ ಅದರ ಮರಿಗಳೇ, ಎಲ್ಲವೂ ಗಂಡೇ. ಪರಊರಿನಲ್ಲಿ ಒಂಟಿಯಾದವರೆಲ್ಲ ಸೇರಿ ಸಂಘ ಕಟ್ಟಿದರೆ ಅಧ್ಯಕ್ಷ ಸ್ಥಾನ ಇದಕ್ಕೇ ಸಲ್ಲಬೇಕು.

ಮೇರಿಯಾನ್ ನಾರ್ತ್ ಗ್ಯಾಲರಿಯನ್ನು ಬಿಡಬೇಡಿ, ಇಪ್ಪತ್ತು ನಿಮಿಷ ಸಾಕು. ಭಾರತವೂ ಸೇರಿ ದೇಶದೇಶ ಒಬ್ಬಂಟಿಯಾಗಿ ಸುತ್ತಿ ಗಿಡ ಮರಗಳ ಚಿತ್ರ ಬರೆದ ಹೆಂಗಸು ಇವರು. 1882ರಲ್ಲಿ ತೆರೆದ ಈ ಕಟ್ಟಡದಲ್ಲಿ 800ಕ್ಕೂ ಹೆಚ್ಚು ತೈಲಚಿತ್ರಗಳನ್ನು ಅಂಗುಲ ಗೋಡೆಯೂ ಕಾಣದಂತೆ ಹೊಂದಿಸಿದ್ದಾರೆ. ಬಂದವರಿಗೆ ಚಹಾ, ಕಾಫಿ ಕೊಡಬೇಕೆಂಬುದು ಅವರ ಆಸೆಯಾಗಿತ್ತು, ತೋಟದ ನಿರ್ದೇಶಕರು ಒಪ್ಪಲಿಲ್ಲ. ಸರಿ, ಬಾಗಿಲುಗಳ ಮೇಲೆ ಚಹಾ ಗಿಡ, ಕಾಫಿ ಗಿಡದ ಚಿತ್ರ ಬರೆದುಬಿಟ್ಟರು. ಬಾಗಿಲ ಬಳಿ ತಲೆ ಎತ್ತಿ ನೋಡಿ.

ಇನ್ನು ಪಾಮ್ ಹೌಸ್. 1844ರಿಂದ 1848ರವರೆಗೆ ಕಟ್ಟಿದ್ದು. ವಾಸ್ತುಶಿಲ್ಪಿ ಡೆಸಿಮಸ್ ಬರ್ಟನ್, ಕಬ್ಬಿಣದ ಕೆಲಸ ಡಬ್ಲಿನ್ನಿನ ರಿಚರ್ಡ್ ಟರ್ನರ್ ಅವರದು. ಇಷ್ಟು ಅಗಲದ ಗಾಜಿನ ಮನೆಯನ್ನು ನಡುವೆ ಕಂಬಗಳ ಕಾಡು ಇಲ್ಲದೆ ನಿಲ್ಲಿಸಲು ಹಡಗು ಕಟ್ಟುವವರ ಬಾಗಿದ ಕಬ್ಬಿಣದ ಪಕ್ಕೆಲುಬನ್ನೇ ಎರವಲು ತಂದರು. ಮಗುಚಿದ ಹಡಗಿನಂತೆ ಕಾಣುವುದು ಅದಕ್ಕೇ. ಉದ್ದ ಸುಮಾರು 110 ಮೀಟರ್, ನಡುವಿನ ಎತ್ತರ 20 ಮೀಟರ್, ಗಾಜಿನ ಹಲಗೆಗಳು 16,000.

ಲಾಲ್‌ಬಾಗಿನ ಗಾಜಿನ ಮನೆ ನೋಡಿ ಬೆಳೆದವರು ಇಲ್ಲಿ ಒಂದು ಲೆಕ್ಕ ತಪ್ಪುತ್ತಾರೆ. ಹೆಸರು ಒಂದೇ, ಕೆಲಸ ಬೇರೆ. 1889ರಲ್ಲಿ ಅಡಿಗಲ್ಲು ಬಿದ್ದ ಲಾಲ್‌ಬಾಗಿನದು ಪಕ್ಕಗಳು ತೆರೆದ ಮಂಟಪ, ಫಲಪುಷ್ಪ ಪ್ರದರ್ಶನಕ್ಕೆಂದು ಕಟ್ಟಿದ್ದು, ಗಾಳಿ ಆಡುತ್ತಲೇ ಇರುತ್ತದೆ. ಇದು ಹಾಗಲ್ಲ, ಮುಚ್ಚಳ ಬಿಗಿದ ಇಡ್ಲಿ ಪಾತ್ರೆ. ಹೊರಗೆ 4 ಡಿಗ್ರಿ ಇದ್ದಾಗ ಒಳಗೆ 20ರ ಮೇಲೆ, ಜೊತೆಗೆ ಗಾಳಿಗೆ ನೀರಿನ ಮಂಜು ಬಿಡುತ್ತಿರುತ್ತಾರೆ. ಎರಡು ತೋಟಗಳಿಗೂ ನಂಟಂತೂ ಗಟ್ಟಿ: 1874ರಿಂದ ಲಾಲ್‌ಬಾಗ್ ನೋಡಿಕೊಂಡ ಜಾನ್ ಕ್ಯಾಮರನ್ ಬಂದದ್ದು ಕ್ಯೂನಿಂದ. 1908ರಲ್ಲಿ ಅವರ ನಂತರ ಬಂದ ಜರ್ಮನಿಯ ಕ್ರುಂಬಿಗಲ್ ಕೂಡ ಕ್ಯೂನಲ್ಲಿ ಪಳಗಿದವರೇ.

ಆದ್ದರಿಂದ ಜಾಕೆಟ್, ಸ್ವೆಟರ್, ಮಫ್ಲರ್, ಟೋಪಿ ಎಲ್ಲವನ್ನೂ ಬಾಗಿಲ ಹೊರಗೇ ತೆಗೆದು ಕೈಯಲ್ಲಿ ಹಿಡಿದುಕೊಳ್ಳಿ. ಅರ್ಧ ನಿಮಿಷ ಚಳಿಯಾಗುತ್ತದೆ, ಆಗಲಿ. ಒಳಗೆ ಹೋಗಿ ಬಿಸಿಯಾದ ಮೇಲೆ ತೆಗೆದರಾಯಿತು ಎಂದುಕೊಂಡರೆ ಅಷ್ಟರಲ್ಲಿ ಒಳಬಟ್ಟೆ ಬೆವರಿನಿಂದ ಒದ್ದೆಯಾಗಿರುತ್ತದೆ. ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಅದೇ ಒದ್ದೆ ಬಟ್ಟೆಯಲ್ಲಿ ಹೊರಬಂದರೆ ಐದು ನಿಮಿಷದಲ್ಲಿ ಬೆನ್ನು ಕೊರೆಯುತ್ತದೆ. ಹತ್ತಿಯ ಬನಿಯನ್ ಬೆವರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ತೆಳ್ಳನೆಯ ಉಣ್ಣೆಯದೋ ಜಿಮ್ಮಿಗೆ ಹಾಕುವಂಥ ಸಿಂಥೆಟಿಕ್ಕಿನದೋ ಮೇಲು. ಥರ್ಮಲ್ ಪ್ಯಾಂಟನ್ನು ಅವತ್ತು ಮನೆಯಲ್ಲೇ ಬಿಡಿ, ಅದನ್ನು ಬಾಗಿಲಲ್ಲಿ ನಿಂತು ತೆಗೆಯಲಾಗುವುದಿಲ್ಲವಲ್ಲ. ಒಂದು ಒಣ ಬನಿಯನ್ ಚೀಲದಲ್ಲಿದ್ದರೆ ಎಲ್ಲಕ್ಕಿಂತ ಒಳ್ಳೆಯದು.

ಬಾಗಿಲು ತೆರೆದೊಡನೆ ಮೊದಲು ಸಿಗುವುದು ವಾಸನೆ. ಒದ್ದೆ ಮಣ್ಣು, ಕೊಳೆತ ಎಲೆ, ಹಸಿ ತೊಗಟೆ. ತೀರ್ಥಹಳ್ಳಿ, ಮಡಿಕೇರಿ ಕಡೆಯವರಾದರೆ ಬಾಗಿಲಲ್ಲೇ ಕಾಲು ನಿಲ್ಲುತ್ತದೆ. ಮೇಲಿನ ಕಬ್ಬಿಣದ ಪಕ್ಕೆಲುಬಿನಲ್ಲಿ ಹಬೆ ತಣಿದು ಹನಿಯಾಗಿ, ದೊಡ್ಡ ಎಲೆಗಳ ಮೇಲೆ ಟಪ್ ಟಪ್ ಎಂದು ಬೀಳುತ್ತಿರುತ್ತದೆ. ಮಳೆ ನಿಂತ ಮೇಲೆ ಅಡಿಕೆ ತೋಟದಲ್ಲಿ ಮರದಿಂದ ಬೀಳುವ ಹನಿಯ ಸದ್ದು ಹೀಗೇ. ಆ ಸದ್ದಿನ ನಡುವೆ ತಲೆಯ ಮೇಲೆ ವಿಮಾನ ಮೊರೆಯುತ್ತದೆ. ಕ್ಯೂ ಇರುವುದು ಹೀಥ್ರೂಗೆ ಇಳಿಯುವ ದಾರಿಯ ಕೆಳಗೆ. ಪಡುವಣ ಗಾಳಿಯ ದಿನಗಳಲ್ಲಂತೂ ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಶಾಂತಿ ಬೇಕೆಂದು ಬರುವವರಿಗೆ ಇದು ದೊಡ್ಡ ಕಿರಿಕಿರಿ, ಪರಿಹಾರವೂ ಇಲ್ಲ.

ಗಿಡಗಳನ್ನು ನೋಡುವಾಗ ಒಂದು ಗುಟ್ಟು ತಿಳಿದಿರಲಿ. ಇಲ್ಲಿ ಗಿಡಗಳನ್ನು ಜೋಡಿಸಿರುವುದು ಅವು ಹುಟ್ಟಿದ ನಾಡಿನ ಪ್ರಕಾರ, ಈಗ ಬೆಳೆಯುವ ನಾಡಿನ ಪ್ರಕಾರ ಅಲ್ಲ. ದಕ್ಷಿಣದ ತುದಿ ಆಫ್ರಿಕಾ, ನಡುಮನೆ ಅಮೆರಿಕ, ಉತ್ತರದ ತುದಿ ಏಷ್ಯಾ ಮತ್ತು ಪೆಸಿಫಿಕ್. ನಮ್ಮವರು ಸಹಜವಾಗಿ ಏಷ್ಯಾ ತುದಿಗೆ ಹೋಗಿ ಕಾಫಿ ಗಿಡ ಹುಡುಕುತ್ತಾರೆ, ಸಿಗುವುದಿಲ್ಲ. ಚಿಕ್ಕಮಗಳೂರಿನ ಕಾಫಿಯ ತವರು ಆಫ್ರಿಕಾ, ಅದು ಇರುವುದು ಆ ತುದಿಯಲ್ಲಿ. ಹಿತ್ತಲಿನ ಪಪ್ಪಾಯಿ, ಪುತ್ತೂರಿನ ಕೋಕೋ, ಸುಳ್ಯದ ರಬ್ಬರ್ ಮೂರೂ ಅಮೆರಿಕದ ಮನೆಯಲ್ಲಿ. ಅಂಗಳದಂಚಿನಲ್ಲಿ ತಾನಾಗಿ ಹುಟ್ಟುವ ಕಾಶಿಕಣಗಿಲೆ ಹೆಸರಿಗೆ ಕಾಶಿಯದು, ಊರು ಮಡಗಾಸ್ಕರ್. ಅದನ್ನೂ ಆಫ್ರಿಕಾ ಕಡೆಯೇ ನೋಡಬೇಕು. ರಕ್ತದ ಕ್ಯಾನ್ಸರಿನ ಔಷಧಿ ಬಂದದ್ದು ಈ ಗಿಡದಿಂದ. ಏಷ್ಯಾ ತುದಿಗೆ ಉಳಿಯುವುದು ಮಾವು, ಹಲಸು, ದೀವಿಹಲಸು, ಕಮರಾಕ್ಷಿ, ಮುಳ್ಳಿನ ಬೆತ್ತ. ಒಂದು ಸಾಧಾರಣ ಮಲೆನಾಡ ಹಿತ್ತಲನ್ನು ನೋಡಿ ಮುಗಿಸಲು ಇಲ್ಲಿ ಮೂರು ಖಂಡ ದಾಟಬೇಕು. ಹಲಸು ಕಾಯಿ ಬಿಟ್ಟಿರುತ್ತದೆ, ಕಾಫಿ ಹೂ ಅರಳಿರುತ್ತದೆ ಎಂಬ ಆಸೆ ಮಾತ್ರ ಬೇಡ. ಡಿಸೆಂಬರಿನ ಮಬ್ಬು ಬೆಳಕಿನಲ್ಲಿ ಗಿಡಗಳು ಜೀವ ಹಿಡಿದಿರುತ್ತವೆ, ಅಷ್ಟೇ. ಶಾಖ ಕೊಡಬಹುದು, ಬಿಸಿಲನ್ನು ಎಲ್ಲಿಂದ ತರುತ್ತಾರೆ?

ಆಫ್ರಿಕಾ ತುದಿಯಲ್ಲೇ ಇನ್ನೊಬ್ಬ ಹಿರಿಯರಿದ್ದಾರೆ. 1775ರಲ್ಲಿ ಕ್ಯೂಗಾಗಿ ಗಿಡ ಸಂಗ್ರಹಿಸುತ್ತಿದ್ದ ಫ್ರಾನ್ಸಿಸ್ ಮ್ಯಾಸನ್ ದಕ್ಷಿಣ ಆಫ್ರಿಕಾದಿಂದ ಹಡಗಿನಲ್ಲಿ ತಂದ ಸೈಕಾಡ್, ಕುಂಡದಲ್ಲಿ ಬೆಳೆದ ಗಿಡಗಳಲ್ಲಿ ಜಗತ್ತಿನಲ್ಲೇ ಹಳೆಯದೆಂದು ಹೆಸರಾದದ್ದು. ಇಷ್ಟು ವರ್ಷದಲ್ಲಿ ನಾಲ್ಕು ಮೀಟರಿನ ಆಸುಪಾಸು ಬೆಳೆದು, ಈಗ ಊರುಗೋಲಿನ ಮೇಲೆ ಒರಗಿದೆ. ಆಕರ್ಷಕವಾಗಿಲ್ಲ, ಹಾಗಾಗಿ ಮುಕ್ಕಾಲು ಪಾಲು ಜನ ದಾಟಿಕೊಂಡು ಹೋಗುತ್ತಾರೆ.

ನಡುಮನೆಯಲ್ಲಿ ಬಿಳಿಯ ಕಬ್ಬಿಣದ ಸುರುಳಿ ಮೆಟ್ಟಿಲಿದೆ, ಹತ್ತಿದರೆ ಮರಗಳ ತಲೆಯ ಮಟ್ಟದ ಜಗಲಿ ಸಿಗುತ್ತದೆ. ಬಿಸಿ ಗಾಳಿ ಮೇಲೇರುವುದರಿಂದ ಅಲ್ಲಿ ಸೆಖೆ ಇನ್ನೂ ಜೋರು. ಮೆಟ್ಟಿಲು ಕಿರಿದು, ತೇವ, ಲಿಫ್ಟ್ ಇಲ್ಲ. ಮಂಡಿ ನೋವಿನವರು, ಮಗು ಎತ್ತಿಕೊಂಡವರು ಕೆಳಗೇ ಇರುವುದು ಜಾಣತನ. ಬೆನ್ನಿಗೆ ದೊಡ್ಡ ಚೀಲ ಹಾಕಿದ್ದರೆ ತಿರುವಿನಲ್ಲಿ ಸಿಕ್ಕಿಬೀಳುತ್ತೀರಿ. ಆದರೆ ಏರಬಲ್ಲವರು ಏರಲೇಬೇಕು. ತೆಂಗಿನ ಜಾತಿಯ ಮರಗಳ ಸುಳಿಯನ್ನು ಮೇಲಿನಿಂದ ನೋಡುವ ಭಾಗ್ಯ ಊರಿನಲ್ಲಿ ಮರ ಹತ್ತುವವರಿಗೆ ಮಾತ್ರ.

ಕನ್ನಡಕ, ಕ್ಯಾಮೆರಾ ಇರುವವರಿಗೆ ಒಂದು ಮಾತು. ಒಳಗೆ ಕಾಲಿಟ್ಟ ಕ್ಷಣವೇ ಎರಡೂ ಕುರುಡಾಗುತ್ತವೆ. ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಲೋಟ ಬೆವರುತ್ತದಲ್ಲ, ಅದೇ ಸಂಗತಿ: ತಣ್ಣಗಿರುವ ಗಾಜಿಗೆ ಬಿಸಿ ಹಬೆ ತಾಗಿ ನೀರಾಗುತ್ತದೆ. ಒರೆಸಿದರೆ ಪ್ರಯೋಜನವಿಲ್ಲ, ಗಾಜು ಬಿಸಿಯಾಗುವವರೆಗೆ ಮತ್ತೆ ಮತ್ತೆ ಕೂರುತ್ತದೆ, ಜೊತೆಗೆ ಗೀರು ಬೀಳುತ್ತದೆ. ಕನ್ನಡಕ ಎರಡು ಮೂರು ನಿಮಿಷದಲ್ಲಿ ತಿಳಿಯಾಗುತ್ತದೆ, ಅಷ್ಟು ಹೊತ್ತು ಒಂದೇ ಕಡೆ ನಿಲ್ಲಿ. ಫೋನನ್ನು ಮೊದಲಿನಿಂದಲೂ ಒಳಜೇಬಿನಲ್ಲಿ, ಮೈಗೆ ತಾಗುವಂತೆ ಇಟ್ಟಿದ್ದರೆ ತೊಂದರೆ ಕಡಿಮೆ. ದೊಡ್ಡ ಕ್ಯಾಮೆರಾವನ್ನು ಹೊರಗಿರುವಾಗಲೇ ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಾಳಿ ತೆಗೆದು ಮುಚ್ಚಿ. ಒಳಗೆ ಹೋಗಿ 20ರಿಂದ 30 ನಿಮಿಷ ಬಿಟ್ಟು ತೆಗೆಯಿರಿ. ಲೆನ್ಸ್ ಬದಲಾಯಿಸುವ ಕೆಲಸ ಇಲ್ಲಿ ಬೇಡವೇ ಬೇಡ.

ಕುಂದುಗಳನ್ನೂ ಹೇಳಬೇಕು. ಕಬ್ಬಿಣದ ಮೇಲೆ ತುಕ್ಕು, ಎದ್ದ ಬಣ್ಣ ಅಲ್ಲಲ್ಲಿ ಕಾಣುತ್ತದೆ. ನಿರ್ವಹಣೆಯ ಅಸಡ್ಡೆ ಎಂದು ಬೈಯುವ ಮೊದಲು, ವರ್ಷವಿಡೀ ಹಬೆಯಲ್ಲಿ ನಿಂತ ಕಬ್ಬಿಣದ ಪಾಡು ಇದು ಎಂಬುದು ನೆನಪಿರಲಿ. 1950ರ ದಶಕದಲ್ಲೊಮ್ಮೆ, 1984ರಿಂದ 1988ರವರೆಗೆ ಮತ್ತೊಮ್ಮೆ ದೊಡ್ಡ ದುರಸ್ತಿ ಆಗಿದೆ. ಶಾಖದ ವ್ಯವಸ್ಥೆ ಆರಂಭದಿಂದಲೂ ತಲೆನೋವೇ: ನೆಲಮಾಳಿಗೆಯಲ್ಲಿ ಬಾಯ್ಲರ್, ಹೊಗೆ ಹೋಗಲು ನೆಲದಡಿ ಸುಮಾರು 150 ಮೀಟರಿನ ಸುರಂಗ, ಅದರ ಕೊನೆಯಲ್ಲಿ ಗೋಪುರದ ವೇಷದ ಚಿಮಣಿ. ನೆಲಮಾಳಿಗೆಗೆ ನೀರು ನುಗ್ಗುತ್ತಿತ್ತು, ಹೊಗೆ ಅಷ್ಟು ದೂರ ಎಳೆಯುತ್ತಿರಲಿಲ್ಲ. ಆ ಗೋಪುರ ವಿಕ್ಟೋರಿಯಾ ಗೇಟಿನ ಬಳಿ ಇಂದಿಗೂ ಇದೆ, ಚರ್ಚಿನದೆಂದು ಅನೇಕರು ತಿಳಿಯುತ್ತಾರೆ. ಮುಂದಿನ ದೊಡ್ಡ ದುರಸ್ತಿಗೆ 2027ರಿಂದ ಪಾಮ್ ಹೌಸನ್ನು ವರ್ಷಗಟ್ಟಲೆ ಮುಚ್ಚುವ ಯೋಜನೆ ಪ್ರಕಟವಾಗಿದೆ. ಟಿಕೆಟ್ ಕೊಳ್ಳುವ ಮುನ್ನ ಕ್ಯೂ ವೆಬ್‌ಸೈಟಿನಲ್ಲಿ ಅದು ತೆರೆದಿದೆಯೇ ನೋಡಿ. ಮುಚ್ಚಿದ್ದರೆ ಈ ವಿಮರ್ಶೆಯ ಅರ್ಧ ಅಂಕ ಅಲ್ಲಿಗೆ ಹೋಯಿತು.

ಪಕ್ಕದ ಪುಟ್ಟ ವಾಟರ್‌ಲಿಲಿ ಹೌಸ್ (1852) ಎಲ್ಲಕ್ಕಿಂತ ಸೆಖೆಯದು, ಆದರೆ ಚಳಿಗಾಲದಲ್ಲಿ ಅದಕ್ಕೆ ಬೀಗ. ಹೆಚ್ಚು ಬೆಚ್ಚಗೆ ಬೇಕಾದಾಗಲೇ ಸಿಗುವುದಿಲ್ಲ.

ಪ್ರಿನ್ಸೆಸ್ ಆಫ್ ವೇಲ್ಸ್ ಕನ್ಸರ್ವೇಟರಿ 1987ರದು. ಒಂದೇ ಸೂರಿನಡಿ ಹತ್ತು ಬಗೆಯ ಹವೆ, ಎಲ್ಲವನ್ನೂ ಕಂಪ್ಯೂಟರ್ ನಡೆಸುತ್ತದೆ. ಬಾಗಿಲಿನಿಂದ ಬಾಗಿಲಿಗೆ ಮರಳುಗಾಡಿನ ಒಣಬಿಸಿ ಹೋಗಿ ಕಾಡಿನ ಹಸಿಬಿಸಿ ಬರುತ್ತದೆ. ಪಾಪಾಸುಕಳ್ಳಿಯ ಒಣ ಕೋಣೆಯಲ್ಲಿ ಹತ್ತು ನಿಮಿಷ ನಿಂತರೆ ಪಾಮ್ ಹೌಸಿನಲ್ಲಿ ಬೆವರಿದ ಬಟ್ಟೆ ಅರ್ಧ ಆರುತ್ತದೆ. ಕೊನೆಗೆ ಇಲ್ಲಿಗೆ ಬರಬೇಕೆಂದದ್ದು ಅದಕ್ಕೂ ಹೌದು. ಕಟ್ಟಡದ ಅಂದದಲ್ಲಿ ಪಾಮ್ ಹೌಸಿಗೆ ಸಾಟಿಯಲ್ಲ, ಆದರೆ ಇಳಿಜಾರು ದಾರಿ ಹೆಚ್ಚು, ಮೆಟ್ಟಿಲು ಕಡಿಮೆ. ಫೆಬ್ರವರಿಯಲ್ಲಿ ಇಲ್ಲೇ ಆರ್ಕಿಡ್ ಉತ್ಸವ ನಡೆಯುತ್ತದೆ, ವರ್ಷಕ್ಕೊಂದು ದೇಶದ ಹೆಸರಿನಲ್ಲಿ. 2017ರಲ್ಲಿ ಭಾರತದ ಸರದಿಯಾಗಿತ್ತು. ಬಣ್ಣ ಕಣ್ತುಂಬ ಸಿಗುತ್ತದೆ, ಜನರೂ ಅಷ್ಟೇ. ವಾರಾಂತ್ಯ ಬಿಟ್ಟು ಹೋಗಿ.

ಊಟದ ವಿಷಯದಲ್ಲಿ ತೋಟಕ್ಕೆ ಪಾಸ್ ಮಾರ್ಕ್ ಅಷ್ಟೇ. ಕೆಫೆಗಳಿವೆ, ಸಸ್ಯಾಹಾರವೂ ಸಿಗುತ್ತದೆ, ಆದರೆ ಸೂಪು ಬ್ರೆಡ್ಡಿನ ಆಚೆ ನಮ್ಮ ನಾಲಿಗೆಗೆ ಹತ್ತುವಂಥದ್ದು ಕಡಿಮೆ, ಬೆಲೆ ಹೆಚ್ಚು. ಬುತ್ತಿ ತರಲು ಅಡ್ಡಿಯಿಲ್ಲ, ಗಾಜಿನ ಮನೆಯೊಳಗೆ ಮಾತ್ರ ತಿನ್ನಬಾರದು. ಹಾಗಾಗಿ ಬುತ್ತಿ ಬಿಚ್ಚುವುದು ಹೊರಗಿನ ಬೆಂಚಿನ ಮೇಲೆ, 5 ಡಿಗ್ರಿಯಲ್ಲಿ. ಮೊಸರನ್ನ ಅಲ್ಲಿ ಮಂಜುಗಡ್ಡೆಯ ತಮ್ಮ. ಪುಳಿಯೋಗರೆಯ ಎಣ್ಣೆಯೂ ಚಳಿಗೆ ಮಂಕಾಗಿ ರುಚಿ ಕೆಡುತ್ತದೆ. ಚಪಾತಿಯಲ್ಲಿ ಪಲ್ಯ ಸುತ್ತಿ ತಂದದ್ದು, ಫ್ಲಾಸ್ಕಿನಲ್ಲಿ ತೆಳು ಸಾರು, ಇವೆರಡು ಸೋಲುವುದಿಲ್ಲ. ಫ್ಲಾಸ್ಕಿಗೆ ಮೊದಲು ಕುದಿಯುವ ನೀರು ತುಂಬಿ ಐದು ನಿಮಿಷ ಇಟ್ಟು ಚೆಲ್ಲಿ, ಆಮೇಲೆ ಕುದಿವ ಸಾರನ್ನು ಕಂಠದವರೆಗೆ ಸುರಿಯಿರಿ. ಅರ್ಧ ತುಂಬಿಸಿದ ಫ್ಲಾಸ್ಕ್ ಬೇಗ ತಣಿಯುತ್ತದೆ.

ಊರಿನ ನೆನಪಿಗೆ ಬಾಯಿರುಚಿಯೂ ಬೇಕೆಂದರೆ, ಬಂದ ಹಸಿರು ಗೆರೆಯಲ್ಲೇ ಉತ್ತರವಿದೆ. ಕ್ಯೂನಿಂದ ಅಪ್‌ಮಿನ್‌ಸ್ಟರ್ ಕಡೆಗೆ ಹೋಗುವ ಡಿಸ್ಟ್ರಿಕ್ಟ್ ಲೈನ್ ರೈಲು ಲಂಡನ್ನನ್ನು ಅಡ್ಡ ಸೀಳಿಕೊಂಡು ಈಸ್ಟ್ ಹ್ಯಾಮ್ ಮೂಲಕ ಹೋಗುತ್ತದೆ. ಇಳಿಯದೆ, ಬದಲಾಯಿಸದೆ ಒಂದು ಗಂಟೆಗೂ ತುಸು ಹೆಚ್ಚು. ಈಸ್ಟ್ ಹ್ಯಾಮ್‌ನ ಹೈ ಸ್ಟ್ರೀಟ್ ನಾರ್ತ್ ತುಂಬ ದಕ್ಷಿಣ ಭಾರತದ ಹೋಟೆಲು, ತರಕಾರಿ, ದಿನಸಿ ಅಂಗಡಿ. ಅಡುಗೆ ತಮಿಳರದು, ಕೇರಳದವರದು. ಸಾಂಬಾರಿನಲ್ಲಿ ಬೆಲ್ಲ ಹುಡುಕಬೇಡಿ, ಬಿಸಿಬೇಳೆಬಾತ್ ಕೇಳಿ ಮುಜುಗರಪಡಬೇಡಿ. ದೋಸೆ, ಇಡ್ಲಿ, ಫಿಲ್ಟರ್ ಕಾಫಿ ಸಾಕು.

ದಾರಿಯಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಳಿದು ಲ್ಯಾಂಬೆತ್ ಸೇತುವೆಯ ಆಚೆ ದಡಕ್ಕೆ ನಡೆದರೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಮೇಲೆ 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆ ಇದೆ. ಆದರೆ ಪಾಮ್ ಹೌಸಿನಲ್ಲಿ ಬೆವರಿದ ದಿನ ಆ ಹೊಳೆದಂಡೆಯ ಗಾಳಿಗೆ ಮೈ ಒಡ್ಡುವುದು ಬೇಡ. ಅದಕ್ಕೆ ಬೇರೆ ದಿನ, ಬೇರೆ ಕೋಟು. ಇವತ್ತು ಒಣ ಬನಿಯನ್ ಹಾಕಿಕೊಂಡು ಸೀದಾ ಈಸ್ಟ್ ಹ್ಯಾಮ್.